ಛಾಯಾಚಿತ್ರದಲ್ಲಿ ಮೇಘಾಕಾಶ

ಹತ್ತೊಂಬತ್ತನೆಯ ಶತಮಾನದ ನಡುಗಾಲದ ಪ್ರಕೃತಿದೃಶ್ಯಗಳ ಛಾಯಾಚಿತ್ರಗಳನ್ನು ಒಟ್ಟಿಗೆ ಇಟ್ಟು ನೋಡಿದವರಿಗೆ ಒಂದು ಸಂಗತಿ ಕೂಡಲೆ ಗೋಚರವಾಗುವುದು. ಬೆಟ್ಟ, ಮರ, ಕಟ್ಟಡಗಳು ಸ್ಫುಟವಾಗಿದ್ದರೂ ಬಹುಮಟ್ಟಿಗೆ ಅವುಗಳ ಮೇಲಿನ ಆಕಾಶ ಬರಿಯ ಬಿಳಿಯ ಕಾಗದ. ಆ ದಿನಗಳಲ್ಲಿ ಮೋಡಗಳಿರಲಿಲ್ಲವೆಂದಲ್ಲ; ನೆಲವನ್ನೂ ಮೋಡವನ್ನೂ ಒಂದೇ ಸಲಕ್ಕೆ ಕಾಣುವ ಶಕ್ತಿ ಪ್ಲೇಟಿಗೆ ಇರಲಿಲ್ಲ. ಬಿರುಗಾಳಿಯ ಬಾನನ್ನು ಕಪ್ಪುಬಿಳುಪಿನಲ್ಲಿ ಹಿಡಿಯಲು ನಡೆದ ಪ್ರಯತ್ನಗಳ ಚರಿತ್ರೆಯೆಂದರೆ ಈ ದೃಷ್ಟಿಲೋಪವನ್ನು ತಿದ್ದಿದ ಚರಿತ್ರೆ. ಆ ತಿದ್ದುಪಾಟಿನಲ್ಲಿ ಸತ್ಯವೆಷ್ಟು, ಕಲ್ಪನೆಯೆಷ್ಟು ಎಂಬುದು ವಿಚಾರಾರ್ಹವಾದ ವಿಷಯ.

1851ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಸ್ಕಾಟ್ ಆರ್ಚರನು ಪ್ರಕಟಿಸಿದ ಕೊಲೋಡಿಯನ್ ವಿಧಾನದ ಗಾಜಿನ ಪ್ಲೇಟು ನೀಲಿ, ನೇರಿಳೆ ಮತ್ತು ಅತಿನೇರಿಳೆ ಕಿರಣಗಳಿಗೆ ಮಾತ್ರ ಚೆನ್ನಾಗಿ ವಶವಾಗುತ್ತಿತ್ತು. ಹಸುರು ನೆಲ ಮೂಡುವಷ್ಟು ಹೊತ್ತು ಬೆಳಕು ಬಿಟ್ಟರೆ ನೀಲಿಯ ಆಕಾಶವೂ ಬಿಳಿಯ ಮೋಡವೂ ನೆಗೆಟಿವಿನಲ್ಲಿ ಒಂದೇ ಸಮನಾಗಿ ದಟ್ಟವಾಗಿ, ಮುದ್ರಿತ ಪ್ರತಿಯಲ್ಲಿ ಭೇದವಿಲ್ಲದ ಬಿಳುಪಾಗುತ್ತಿದ್ದವು. ಬಾನಿಗೆ ತಕ್ಕಷ್ಟೇ ಬೆಳಕು ಬಿಟ್ಟರೆ ನೆಲವು ಕತ್ತಲೆಯಲ್ಲಿ ಮುಳುಗುತ್ತಿತ್ತು. ಆದುದರಿಂದ ಅನೇಕರು ನೆಗೆಟಿವಿನ ಆಕಾಶಭಾಗಕ್ಕೆ ಬಣ್ಣ ಬಳಿದು ಮರೆಮಾಡಿ, ಕಲೆಯಿಲ್ಲದ ಬಿಳುಪಿನಿಂದಲೇ ತೃಪ್ತಿಪಡುತ್ತಿದ್ದರು.

ಹೀಗೆ ತೃಪ್ತನಾಗದವರಲ್ಲಿ ಅಗ್ರಗಣ್ಯನು ಫ್ರಾನ್ಸಿನ ಗುಸ್ತಾವ್ ಲ ಗ್ರೆ (1820–1884). ಚಿತ್ರಕಲೆಯನ್ನು ಅಭ್ಯಾಸಮಾಡಿ ಛಾಯಾಚಿತ್ರಣಕ್ಕೆ ಬಂದ ಈತನು 1856ರಿಂದ ಮುಂದಿನ ಎರಡು ಮೂರು ವರ್ಷಗಳಲ್ಲಿ ನಾರ್ಮಂಡಿಯ ಮತ್ತು ಮೆಡಿಟರೇನಿಯನ್ ಸಮುದ್ರದ ತೀರಗಳಲ್ಲಿ ತೆಗೆದ ಸಾಗರದೃಶ್ಯಗಳು ಸುಪ್ರಸಿದ್ಧವಾಗಿವೆ. 1856ರಲ್ಲಿ ತೆಗೆದ ಹಡಗಿನ ಚಿತ್ರ ಒಂದೇ ನೆಗೆಟಿವಿನದು. ಮೋಡದ ಮರೆಯ ಸೂರ್ಯನಿಗೆ ಎದುರಾಗಿ ತೆಗೆದುದರಿಂದ ನೀರಿನ ಹೊಳಪು ಬಾನಿನ ಹೊಳಪಿಗೆ ಹತ್ತಿರವಾಗಿ, ಅಲ್ಪಕಾಲದ ಬೆಳಕೇ ಎರಡಕ್ಕೂ ಸಾಕಾಯಿತು. ಉಳಿದುದೆಲ್ಲ ಕಪ್ಪಾಗಿದ್ದುದನ್ನು ಕಂಡು ಜನರು ಅದನ್ನು ಬೆಳುದಿಂಗಳಿನ ಚಿತ್ರವೆಂದೇ ಭ್ರಮಿಸಿದರು. 1857ರಲ್ಲಿ ಸೆತ್ ಎಂಬ ರೇವುಪಟ್ಟಣದಲ್ಲಿ ತೆಗೆದ ‘ಮಹಾತರಂಗ’ದ ರೀತಿ ಬೇರೆ. ಅಲ್ಲಿ ಕಡಲು ಒಂದು ನೆಗೆಟಿವಿನದು, ಮೋಡ ಕವಿದ ಬಾನು ಮತ್ತೊಂದರದು; ಎರಡನ್ನೂ ದಿಗಂತದ ಗೆರೆಯಲ್ಲಿ ಬೆಸೆದು ಮುದ್ರಿಸಲಾಗಿದೆ. ಲ ಗ್ರೆಯ ಚಿತ್ರಗಳಲ್ಲಿ ಒಂದೇ ಮೋಡ ಬೇರೆ ಬೇರೆ ಕಡಲುಗಳ ಮೇಲೆ ತೋರುವುದೂ ಉಂಟು.

ಈ ಬೆಸುಗೆ ಮುಂದೆ ವಾದಕ್ಕೆ ಕಾರಣವಾಯಿತು. ಹೆನ್ರಿ ಪೀಚ್ ರಾಬಿನ್ಸನನು 1869ರ ತನ್ನ ಗ್ರಂಥದಲ್ಲಿ ಹಲವು ನೆಗೆಟಿವುಗಳನ್ನು ಕೂಡಿಸಿ ಮುದ್ರಿಸುವ ಪದ್ಧತಿಯನ್ನು ಸಮರ್ಥಿಸಿದನು. ಪಿ. ಎಚ್. ಎಮರ್ಸನನು 1889ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ನಿಸರ್ಗನಿಷ್ಠೆಯನ್ನು ಎತ್ತಿಹಿಡಿದು ಇಂಥ ಕೂಡಿಕೆಯನ್ನು ವಿರೋಧಿಸಿದನು. ಇಬ್ಬರ ಮಾತಿಗೂ ಆಧಾರವುಂಟು. ನೋಡಿದವನ ಕಣ್ಣಿಗೆ ಕಂಡ ಮೋಡ ಪ್ಲೇಟಿಗೆ ಕಾಣದಿದ್ದರೆ, ಬಿಳಿಯ ಬಾನೂ ಒಂದು ಸುಳ್ಳೇ ಸರಿ. ಆದರೆ ಬೇರೊಂದು ದಿನದ ಮೋಡವನ್ನು ತಂದಿರಿಸಿದಾಗ ಆ ಚಿತ್ರವು ಕಾವ್ಯವಾಗಬಲ್ಲುದು, ಸಾಕ್ಷ್ಯವಾಗಲಾರದು. 1896ರಲ್ಲಿ ಹೊರಬಂದ ಅಂತರರಾಷ್ಟ್ರೀಯ ಮೇಘಸಂಪುಟವು ಮೋಡಗಳ ಜಾತಿಗಳನ್ನು ನಿರ್ಣಯಿಸಲು ಛಾಯಾಚಿತ್ರಗಳನ್ನು ಬಳಸಿತು. ಅಲ್ಲಿ ಬೆಸೆದ ಬಾನಿಗೆ ಸ್ಥಾನವಿಲ್ಲವೆಂಬುದು ಸ್ಪಷ್ಟ.

ಈ ನಡುವೆ ರಸಾಯನಶಾಸ್ತ್ರವು ಪ್ಲೇಟಿನ ದೃಷ್ಟಿಯನ್ನೇ ತಿದ್ದತೊಡಗಿತ್ತು. 1873ರಲ್ಲಿ ಬರ್ಲಿನ್ನಿನ ಹರ್ಮನ್ ವಿಲ್ಹೆಲ್ಮ್ ಫೋಗೆಲನು ಕೆಲವು ಬಣ್ಣದ್ರವ್ಯಗಳನ್ನು ಸೇರಿಸಿದರೆ ಪ್ಲೇಟು ಹಸುರು ಬೆಳಕನ್ನೂ ಗ್ರಹಿಸುವುದೆಂದು ಕಂಡುಹಿಡಿದನು. 1906ರಲ್ಲಿ ಇಂಗ್ಲೆಂಡಿನ ರ್‍ಯಾಟನ್ ಮತ್ತು ವೇನ್‌ರೈಟ್ ಸಂಸ್ಥೆಯವರು ಕೆಂಪನ್ನೂ ಗ್ರಹಿಸುವ ಪ್ಲೇಟುಗಳನ್ನು ಮಾರಾಟಕ್ಕೆ ತಂದರು. ಇದರಿಂದ ಫಿಲ್ಟರೆಂಬ ಬಣ್ಣದ ಗಾಜಿಗೆ ಪೂರ್ಣವಾದ ಬಲ ಬಂದಿತು. ಹಳದಿಯ ಗಾಜು ನೀಲಿಯ ಬೆಳಕನ್ನು ಒಂದಿಷ್ಟು ತಡೆಯುತ್ತದೆ. ಕೆಂಪು ಗಾಜು ಬಹುಮಟ್ಟಿಗೆ ತಡೆದು, ಬಾನನ್ನು ಕಪ್ಪಾಗಿಸಿ ಮೋಡವನ್ನು ಬೆಳಗಿಸುತ್ತದೆ. 1927ರಲ್ಲಿ ಅಮೆರಿಕದ ಆನ್ಸೆಲ್ ಆಡಮ್ಸನು ಯೊಸೆಮಿಟಿಯ ಹಾಫ್ ಡೋಮ್ ಬಂಡೆಯನ್ನು ಮೊದಲು ಹಳದಿಯ, ಬಳಿಕ ಗಾಢವಾದ ಕೆಂಪಿನ ಗಾಜಿನ ಮೂಲಕ ತೆಗೆದನು. ಎರಡನೆಯ ಚಿತ್ರದ ಕಪ್ಪು ಆಕಾಶವು ಆ ಹೊತ್ತಿನ ಬಾನಿನ ಪ್ರತಿಬಿಂಬವಲ್ಲ. ಆ ಬಂಡೆಯ ಮುಂದೆ ನಿಂತವನ ಮನಸ್ಸಿನ ಭಾವ.

ಆದರೆ ನಿಜವಾದ ಬಿರುಗಾಳಿಯ ಬಾನಿನಲ್ಲಿ ನೀಲಿಯೇ ಇರುವುದಿಲ್ಲ. ಬೂದುಬಣ್ಣದ ಮೋಡದ ಮೇಲೆ ಬೂದುಬಣ್ಣದ ಮೋಡ ಕವಿದಿರುವಾಗ ಬಣ್ಣದ ಗಾಜು ಅವುಗಳನ್ನು ಬೇರ್ಪಡಿಸಲಾರದು. ಅಲ್ಲಿ ಸಹಾಯಕ್ಕೆ ಬರುವುದು ಕತ್ತಲೆಯ ಕೋಣೆ. ನೆಗೆಟಿವನ್ನು ತೊಳೆಯುವ ಕಾಲವನ್ನು ಹೆಚ್ಚಿಸಿದರೆ ತಿಳಿ–ಗಾಢಗಳ ಅಂತರ ಹೆಚ್ಚುವುದು. ಮುದ್ರಿಸುವಾಗ ನೆಲಕ್ಕೆ ಕೈಯ ಅಥವಾ ರಟ್ಟಿನ ಮರೆಯೊಡ್ಡಿ ಬಾನಿಗೆ ಹೆಚ್ಚು ಬೆಳಕು ಬಿಟ್ಟರೆ ಅಡಗಿದ್ದ ಮೋಡಗಳು ಮೂಡಿಬರುವುವು. 1941ರಲ್ಲಿ ನ್ಯೂ ಮೆಕ್ಸಿಕೋದ ಹರ್ನಾಂಡೆಜ್ ಎಂಬಲ್ಲಿ ಆಡಮ್ಸನು ತೆಗೆದ ಚಂದ್ರೋದಯದ ಚಿತ್ರ ಇದಕ್ಕೆ ನಿದರ್ಶನ. ನೆಗೆಟಿವು ಒಂದೇ ಆದರೂ ಮೊದಲ ಪ್ರತಿಗಳ ಬಾನಿನಲ್ಲಿ ತೆಳುಮೋಡಗಳು ಹರಡಿವೆ. ದಶಕಗಳು ಕಳೆದ ಮೇಲೆ ಮುದ್ರಿಸಿದ ಪ್ರತಿಗಳಲ್ಲಿ ಮೇಲ್ಭಾಗದ ಬಾನು ಸುಮಾರಾಗಿ ಪೂರ್ತಿ ಕಪ್ಪು.

ಇವೆಲ್ಲವನ್ನೂ ನೋಡಿದರೆ ತಿದ್ದದ ಬಾನೆಂಬುದು ಕಪ್ಪುಬಿಳುಪಿನ ಚಿತ್ರದಲ್ಲಿ ಎಂದೂ ಇರಲಿಲ್ಲವೆಂದು ಹೇಳಬೇಕಾಗುತ್ತದೆ. ಬಣ್ಣವನ್ನು ಬಿಟ್ಟಾಗಲೇ ತಿದ್ದುಪಾಟು ಮೊದಲಾಯಿತು. ಆದುದರಿಂದ ತಿದ್ದಿದನೆಂಬುದು ದೋಷವಲ್ಲ. ಕೇಳತಕ್ಕ ಪ್ರಶ್ನೆಗಳು ಎರಡು. ನೆಲದ ಬೆಳಕಿಗೂ ಬಾನಿನ ಬೆಳಕಿಗೂ ಹೊಂದಿಕೆಯುಂಟೆ? ಇದು ಔಚಿತ್ಯದ ಪ್ರಶ್ನೆ. ಇಲ್ಲಿ ತಪ್ಪಿದರೆ ರಸಭಂಗ. ಚಿತ್ರವನ್ನು ಇಂಥ ದಿನದ, ಇಂಥ ಸ್ಥಳದ ಸಾಕ್ಷಿಯೆಂದು ಮುಂದಿಟ್ಟಿದೆಯೆ? ಇದು ಪ್ರಾಮಾಣ್ಯದ ಪ್ರಶ್ನೆ. ಇಲ್ಲಿ ತಪ್ಪಿದರೆ ವಂಚನೆ. 2020ರಲ್ಲಿ ಫೋಟೋಶಾಪ್ ಎಂಬ ಗಣಕತಂತ್ರಾಂಶಕ್ಕೆ ಬಾನನ್ನೇ ಬದಲಿಸುವ ಉಪಕರಣವೊಂದು ಸೇರಿತು. ಲ ಗ್ರೆ ಬಹುಶ್ರಮದಿಂದ ಮಾಡಿದುದು ಕ್ಷಣಮಾತ್ರದ ಕೆಲಸವಾಯಿತು. ಶ್ರಮ ಅಳಿದರೂ ಆ ಎರಡು ಪ್ರಶ್ನೆಗಳು ಅಳಿದಿಲ್ಲ.