ಇಳಿದ ಕಾವೇರಿ, ಏರಿದ ಕಾವೇರಿ

ಮಡಕಶಿರಾ ಸೀಮೆಯ ಹೇಮಾವತಿ ಒಂದು ಕಾಲಕ್ಕೆ ಹೆಂಜೇರು, ನೊಳಂಬವಾಡಿ ಮೂವತ್ತೆರಡು ಸಾವಿರ ಎಂಬ ನಾಡಿನ ರಾಜಧಾನಿ. ಈಗ ಅಲ್ಲಿಗೆ ಹೋದವರು ಸಿದ್ಧೇಶ್ವರನಿಗೆ ಕೈಮುಗಿದು, ದೊಡ್ಡೇಶ್ವರ ಗುಡಿಯ ಕಲ್ಲಿನ ಜಾಲಂಧ್ರಗಳಲ್ಲಿ ಕೊರೆದ ದೇವತೆಗಳನ್ನು ನೋಡಿ ಬರುತ್ತಾರೆ. ಅಷ್ಟು ದೊಡ್ಡ ನಾಡಿನ ಕಂದಾಯದ ಲೆಕ್ಕ ಬರೆದ ಚಾವಡಿ ಎಲ್ಲಿತ್ತೆಂದು ಕೇಳುವವರಿಲ್ಲ. ಗುಡಿ ಚರಿತ್ರೆ, ಕಚೇರಿ ಬರೀ ದುಡಿಮೆಯ ಜಾಗ ಎಂದು ಎಣಿಸುವುದು ನಮ್ಮ ಹಳೆಯ ರೂಢಿ. ಬೆಂಗಳೂರಿನ ಕೆಂಪೇಗೌಡ ರಸ್ತೆಯ ಕಾವೇರಿ ಭವನವನ್ನು ನಾವು ತಲೆಯೆತ್ತಿ ನೋಡದಿರುವುದೂ ಈ ರೂಢಿಯಿಂದಲೇ. ವಿದ್ಯುತ್ ಪ್ರಸರಣ ನಿಗಮ, ಜಲಮಂಡಳಿ ಎರಡರ ಕೇಂದ್ರ ಕಚೇರಿಯೂ ಇರುವ ಈ ತಾಣಕ್ಕೆ ನಗರದ ಚರಿತ್ರೆಯಲ್ಲಿ ಗುಡಿಗಿಂತ ಕಡಿಮೆಯಲ್ಲದ ಸ್ಥಾನ ಸಲ್ಲಬೇಕು.

ಕಾವೇರಿ ಈ ಊರಿಗೆ ಮೊದಲು ಬಂದದ್ದು ನೀರಾಗಿ ಅಲ್ಲ, ಬೆಳಕಾಗಿ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಹೊರಟ ಶಿವನಸಮುದ್ರದ ಯೋಜನೆ 1902ರಲ್ಲಿ ಕೈಗೂಡಿತು. ಕರೆಂಟು ಹೋದದ್ದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿದೀಪ ಹೊತ್ತಿಕೊಳ್ಳಲು 1905ರ ಆಗಸ್ಟ್ ಬರಬೇಕಾಯಿತು: ಊರಿಗಿಂತ ಚಿನ್ನ ಮೊದಲು! ಕುಡಿಯುವ ನೀರಿಗೆ ಹೆಸರಘಟ್ಟ, ಆಮೇಲೆ ತಿಪ್ಪಗೊಂಡನಹಳ್ಳಿ ಆಸರೆಯಾದವು. ಇದೇ ಕೆಂಪೇಗೌಡ ರಸ್ತೆಯ ಮೆಜೆಸ್ಟಿಕ್ ಕಡೆಯಲ್ಲಿದ್ದ ಧರ್ಮಾಂಬುಧಿ ಕೆರೆ ಬತ್ತಿ, ಕೊನೆಗೆ ಬಸ್ ನಿಲ್ದಾಣವಾಯಿತು. 1964ರಲ್ಲಿ ಜಲಮಂಡಳಿ ಹುಟ್ಟಿತು. ಕಾವೇರಿ ಮೊದಲ ಹಂತದ ನೀರು ನಲ್ಲಿಗೆ ಬಂದದ್ದು 1974ರಲ್ಲಿ. ಆ ನೀರನ್ನು ಎತ್ತುವ ತೊರೆಕಾಡನಹಳ್ಳಿ ಇರುವುದೂ ಶಿವನಸಮುದ್ರದ ಮಳವಳ್ಳಿ ಸೀಮೆಯಲ್ಲೇ. ಅಲ್ಲಿ ಕೆಳಕ್ಕೆ ಧುಮುಕಿದ ಕಾವೇರಿ ಕರೆಂಟು ಕೊಟ್ಟಳು. ಅಲ್ಲಿಂದಲೇ ನೂರು ಕಿಲೋಮೀಟರ್ ದೂರಕ್ಕೆ, ಸುಮಾರು 500 ಮೀಟರ್ ಮೇಲಕ್ಕೆ ಏರಬೇಕಾದ ಕಾವೇರಿ ಕರೆಂಟು ಕೇಳುತ್ತಾಳೆ. ಜಲಮಂಡಳಿಯ ಖರ್ಚಿನಲ್ಲಿ ಪಂಪುಗಳ ವಿದ್ಯುತ್ ಬಿಲ್ಲಿಗೇ ದೊಡ್ಡ ಪಾಲು.

ಹೈಕೋರ್ಟ್ ಇರುವ ಅಠಾರಾ ಕಚೇರಿಯಂಥ ಚೆಲುವಿಲ್ಲದ ಈ ಕಾಂಕ್ರೀಟು ಕಟ್ಟಡಕ್ಕೆ ಇಷ್ಟು ಮಾತೇಕೆ ಎನ್ನಬಹುದು. ಚೆಲುವಿಲ್ಲವೆಂಬುದನ್ನು ಒಪ್ಪುತ್ತೇನೆ. ಸರ್ಕಾರಿ ಕಟ್ಟಡಕ್ಕೆ ನದಿಯ ಹೆಸರಿಡುವುದು ವಾಡಿಕೆ, ಅದರಲ್ಲಿ ಅರ್ಥ ಹುಡುಕಬಾರದು ಎಂಬ ಮಾತೂ ಉಂಟು. ಹೆಸರಿಟ್ಟವರ ಮನಸ್ಸಿನಲ್ಲಿ ಏನಿತ್ತೋ, ಒಳಗೆ ಕೂತ ಎರಡು ಸಂಸ್ಥೆಗಳಂತೂ ಆ ಹೆಸರನ್ನು ನಿಜ ಮಾಡಿವೆ. ಇದಕ್ಕಿಂತ ತೂಕದ ಆಕ್ಷೇಪ ಇನ್ನೊಂದಿದೆ: ಕರೆಂಟು ಈಗ ಕಾವೇರಿಯದಷ್ಟೇ ಅಲ್ಲವಲ್ಲ? ಹೌದು, ಶರಾವತಿಯದು, ರಾಯಚೂರಿನ ಕಲ್ಲಿದ್ದಲಿನದು, ಆ ಹೇಮಾವತಿ ಊರಿನ ನೆರೆಯ ಪಾವಗಡದ ಬಿಸಿಲಿನದು. 13,000 ಎಕರೆಯ ಆ ಸೋಲಾರ್ ಪಾರ್ಕಿನ ಸಾಮರ್ಥ್ಯವೇ 2,050 ಮೆಗಾವಾಟ್. ಆದರೆ ಎಲ್ಲಿಯ ಕರೆಂಟಾದರೂ ಒಂದೇ ಜಾಲಕ್ಕೆ ಸೇರಿ, ಅದರಲ್ಲೊಂದು ಪಾಲು ಕಾವೇರಿಯನ್ನು ಮೇಲೆತ್ತುವುದಕ್ಕೇ ವ್ಯಯವಾಗುತ್ತದೆ. ನಾಡಿನ ಬಿಸಿಲು, ಬೆಂಕಿ, ಮಳೆ ಬೆಂಗಳೂರಿನ ಕೊಡಪಾನಕ್ಕೆ ಇಳಿಯುವ ಈ ಲೆಕ್ಕದ ಎರಡು ತುದಿಗಳೂ ಕಾವೇರಿ ಭವನದಲ್ಲೇ ಇವೆ.

1957ರಲ್ಲಿ ಬಂದ ವಿದ್ಯುತ್ ಮಂಡಳಿ 1999ರಲ್ಲಿ ನಿಗಮವಾಯಿತು, 2002ರಲ್ಲಿ ವಿತರಣೆ ಬೆಸ್ಕಾಂ ಮೊದಲಾದ ಕಂಪನಿಗಳ ಪಾಲಾಯಿತು. ಜನ ಮಾತ್ರ ಇವತ್ತಿಗೂ ಲೈನ್‌ಮನ್‌ನನ್ನು ಹಳೆಯ ಮಂಡಳಿಯ ಹೆಸರಿನಲ್ಲಿ ಕೆಇಬಿಯವನೆಂದೇ ಕರೆಯುತ್ತಾರೆ. ಹೆಸರು ಉಳಿದಂತೆ ಅದರ ಹಿಂದಿನ ಕಥೆಯೂ ಉಳಿಯಬೇಕಾದರೆ, ಈ ಭವನದ ದುರಸ್ತಿಯ ಮಾತು ಯಾವಾಗ ಬಂದರೂ ನೆಲಮಹಡಿಯಲ್ಲಿ ಒಂದು ಕೋಣೆ ಬಿಡಿಸಿ, ಶಿವನಸಮುದ್ರದ ತಂತಿಮಾರ್ಗವನ್ನೂ ತೊರೆಕಾಡನಹಳ್ಳಿಯ ಕೊಳವೆಮಾರ್ಗವನ್ನೂ ಒಂದೇ ನಕ್ಷೆಯಲ್ಲಿ ಬರೆಸಿ ಗೋಡೆಗೆ ಹಾಕಲಿ. ಬಿಲ್ಲಿನ ತಕರಾರು ಹಿಡಿದು ಬಂದವರೂ ಕಾಯುವ ಹೊತ್ತಿನಲ್ಲಿ ಅದನ್ನು ಓದಬಹುದು.