ಬಿದ್ದ ಎದುರಾಳಿಗೆ ಕಾಯಬೇಕೆ?

ಜುಲೈ ತಿಂಗಳಲ್ಲಿ ಟೂರ್ ಡಿ ಫ್ರಾನ್ಸ್ ಸೈಕಲ್ ಸ್ಪರ್ಧೆಯ ದಿನದ ಓಟ ಮುಗಿಯುವುದು ನಮ್ಮ ಗಡಿಯಾರದಲ್ಲಿ ರಾತ್ರಿ ಒಂಬತ್ತರ ಸುಮಾರಿಗೆ. ಶಿವಮೊಗ್ಗ, ಭದ್ರಾವತಿಗಳಲ್ಲಿ ಅದನ್ನು ಮೊಬೈಲ್‌ನಲ್ಲಿ ನೋಡುವವರು ಕಡಿಮೆ. ನೋಡಿದವರು ಮಾತ್ರ ಮರುದಿನ ಬೆಳಿಗ್ಗೆ ಸೈಕಲ್ ನಿಲ್ಲಿಸಿ ಚಹಾ ಕುಡಿಯುವಾಗ ಸುಮ್ಮನಿರುವುದಿಲ್ಲ. ಕರ್ನಾಟಕದಲ್ಲಿ ಸೈಕ್ಲಿಂಗ್ ಸ್ಪರ್ಧೆಯ ತವರು ವಿಜಯಪುರ, ಬಾಗಲಕೋಟೆ. ಆದರೂ ಎದುರಾಳಿಗೆ ರಿಯಾಯಿತಿ ಕೊಡಬೇಕೆ ಎಂಬ ಜಗಳದಲ್ಲಿ ಭದ್ರಾವತಿಗೆ ಹಿರಿತನವಿದೆ.

1949ರಲ್ಲಿ ಅಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥ್, 1980ರ ಫೆಬ್ರುವರಿಯಲ್ಲಿ ವಾಂಖೆಡೆಯಲ್ಲಿ ನಡೆದ ಸುವರ್ಣ ಮಹೋತ್ಸವ ಟೆಸ್ಟ್‌ನಲ್ಲಿ ಭಾರತದ ನಾಯಕ. ಇಂಗ್ಲೆಂಡ್ 58ಕ್ಕೆ 5 ವಿಕೆಟ್ ಕಳೆದುಕೊಂಡ ಮೇಲೆ ಬಂದ ಬಾಬ್ ಟೇಲರ್‌ಗೆ ಅಂಪೈರ್ ಔಟ್ ಕೊಟ್ಟರು. ಚೆಂಡು ಬ್ಯಾಟಿಗೆ ತಗುಲಿಲ್ಲವೆಂದು ಕಂಡ ವಿಶ್ವನಾಥ್ ಅವರನ್ನು ವಾಪಸು ಕರೆದರು. ಟೇಲರ್–ಬಾಥಮ್ ಜೊತೆಯಾಟ 171 ರನ್. ಭಾರತಕ್ಕೆ 10 ವಿಕೆಟ್‌ಗಳ ಸೋಲು. ದೊಡ್ಡತನವೋ ದಡ್ಡತನವೋ ಎಂಬ ಪ್ರಶ್ನೆ ಅಂದಿನಿಂದಲೂ ಜೀವಂತ. ಭಾರತ ಗೆದ್ದಿದ್ದರೆ ಆ ಪ್ರಶ್ನೆಯನ್ನು ಯಾರೂ ಎತ್ತುತ್ತಿರಲಿಲ್ಲ ಎಂಬುದು ನನ್ನ ಗುಮಾನಿ.

ಸೈಕ್ಲಿಂಗ್ ಚರ್ಚೆಯ ದಾರಿಯೂ ಇದೇ. 2001ರ ಟೂರ್‌ನಲ್ಲಿ, ಪೇರಸೂರ್ದ್ ಇಳಿಜಾರಿನಲ್ಲಿ ಯಾನ್ ಉಲ್ರಿಕ್ ರಸ್ತೆ ಬಿಟ್ಟು ಹೊರಗುರುಳಿದಾಗ ಎದುರಾಳಿ ಲಾನ್ಸ್ ಆರ್ಮ್‌ಸ್ಟ್ರಾಂಗ್ ಕಾದರು. 2003ರಲ್ಲಿ ಲೂಸ್ ಆರ್ದಿದಾನ್ ಏರಿನಲ್ಲಿ ಪ್ರೇಕ್ಷಕರೊಬ್ಬರ ಚೀಲಕ್ಕೆ ಹ್ಯಾಂಡಲ್ ಸಿಕ್ಕಿ ಆರ್ಮ್‌ಸ್ಟ್ರಾಂಗ್ ಬಿದ್ದರು. ಆಗ ಟೂರ್‌ನ ಒಟ್ಟು ಸಮಯದಲ್ಲಿ ಉಲ್ರಿಕ್ ಕೇವಲ 15 ಸೆಕೆಂಡ್ ಹಿಂದಿದ್ದರು. ಅವರು ವೇಗ ತಗ್ಗಿಸಿದರು. ಎದ್ದುಬಂದ ಆರ್ಮ್‌ಸ್ಟ್ರಾಂಗ್ ಆ ದಿನವನ್ನೂ ಗೆದ್ದರು, 61 ಸೆಕೆಂಡ್‌ಗಳಿಂದ ಟೂರನ್ನೂ ಗೆದ್ದರು. ಕೊನೆಯ ಟೈಮ್ ಟ್ರಯಲ್‌ನಲ್ಲಿ ಮಳೆಗೆ ಜಾರಿ ಬಿದ್ದವರು ಉಲ್ರಿಕ್. ಒಬ್ಬೊಬ್ಬರೇ ತುಳಿಯುವ ಆ ಸ್ಪರ್ಧೆಯಲ್ಲಿ ಕಾಯಲು ಯಾರಿರುತ್ತಾರೆ? ಲೂಸ್ ಆರ್ದಿದಾನ್‌ನಲ್ಲಿ ಉಲ್ರಿಕ್ ನಿಜಕ್ಕೂ ಕಾದರೋ ಇಲ್ಲವೋ ಎಂದು ವಿಡಿಯೊ ಹಿಡಿದು ವಾದಿಸುವವರು ಈಗಲೂ ಇದ್ದಾರೆ. ಡೋಪಿಂಗ್ ಬಯಲಾಗಿ 2012ರಲ್ಲಿ ಆರ್ಮ್‌ಸ್ಟ್ರಾಂಗ್‌ರ ಏಳೂ ಪ್ರಶಸ್ತಿಗಳು ರದ್ದಾದ ಮೇಲೆ, ಔಷಧ ನುಂಗಿದವರ ನಡುವೆ ಎಂಥ ಸಭ್ಯತೆ ಎಂಬ ಕುಹಕವೂ ಸೇರಿಕೊಂಡಿತು.

ಚರ್ಚೆಗೆ ಖಾರ ಬಿದ್ದದ್ದು 2010ರಲ್ಲಿ. ಬಾಲೆಸ್ ಏರಿನಲ್ಲಿ, ಒಟ್ಟಾರೆ ಮುಂದಿರುವವರು ತೊಡುವ ಹಳದಿ ಜೆರ್ಸಿಯಲ್ಲಿದ್ದ ಆಂಡಿ ಶ್ಲೆಕ್‌ರ ಚೈನ್ ಕಳಚಿತು. ಆಲ್ಬೆರ್ತೊ ಕಾಂಟಡಾರ್ ನಿಲ್ಲದೆ ನುಗ್ಗಿ 39 ಸೆಕೆಂಡ್ ಗಳಿಸಿದರು; ಪ್ಯಾರಿಸ್‌ನಲ್ಲಿ ಗೆದ್ದ ಅಂತರವೂ ಸರಿಯಾಗಿ 39 ಸೆಕೆಂಡ್. ಶ್ಲೆಕ್ ಪಾಲಿಗೆ ಕಣ್ಣೀರು ಹಾಕಿದವರು ಒಂದನ್ನು ಮರೆಯುತ್ತಾರೆ. ಅದೇ ಟೂರ್‌ನ ಎರಡನೇ ದಿನ, ಸ್ಪಾ ಹಾದಿಯಲ್ಲಿ ಸಾಲುಸಾಲಾಗಿ ಸವಾರರು ಬಿದ್ದಾಗ, ಶ್ಲೆಕ್ ತಂಡದ ಫಾಬಿಯಾನ್ ಕಾನ್ಸೆಲಾರಾ ಇಡೀ ಗುಂಪನ್ನು ತಡೆದು ನಿಲ್ಲಿಸಿದ್ದರು. ಬಿದ್ದು ಹಿಂದುಳಿದಿದ್ದ ಶ್ಲೆಕ್‌ಗೆ ಅದರಿಂದ ಆದ ಲಾಭವನ್ನು ಯಾವ ಖಾತೆಗೆ ಬರೆಯುವುದು? ಕೊನೆಗೆ ಕಾಂಟಡಾರ್ ಕೂಡ ಡೋಪಿಂಗ್ ಪ್ರಕರಣದಲ್ಲಿ ಪ್ರಶಸ್ತಿ ಕಳೆದುಕೊಂಡರು, ಅದು ಶ್ಲೆಕ್ ಕೈ ಸೇರಿತು.

2022ರ ಸ್ಪಾಂದೆಲ್ ಇಳಿಜಾರಿನದು ಬೇರೆಯೇ ಕತೆ. ಯೋನಾಸ್ ವಿಂಗೆಗೋರ್‌ರನ್ನು ಅಲುಗಿಸಲು ಜೋರಾಗಿ ಇಳಿದ ತಾದೇ ಪೊಗಾಚಾರ್ ಜಲ್ಲಿಯ ಮೇಲೆ ಜಾರಿದರು. ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳನ್ನು ಬ್ರೇಕ್ ಹಿಡಿದು ಇಳಿದವರು ಇದನ್ನು ದುರದೃಷ್ಟ ಎನ್ನಲಾರರು. ಅಪಾಯವನ್ನು ಅವರೇ ಮೈಮೇಲೆ ಎಳೆದುಕೊಂಡದ್ದು. ಆದರೂ ವಿಂಗೆಗೋರ್ ಕಾದರು, ಇಬ್ಬರೂ ಕೈ ಹಿಡಿದುಕೊಂಡರು, ಮುಂದೆ ಓತಕಾಮ್ ಏರಿನಲ್ಲಿ ವಿಂಗೆಗೋರ್ 1 ನಿಮಿಷ 4 ಸೆಕೆಂಡ್ ಮುಂದೆ ಹೋದರು. ಕಾದೂ ಗೆದ್ದ ಕಾರಣ ಹೊಗಳಿಕೆಗೆ ಬರವಿರಲಿಲ್ಲ. 2025ರಲ್ಲಿ ತುಲೂಸ್ ಸಮೀಪ ಪೊಗಾಚಾರ್ ಮತ್ತೆ ಬಿದ್ದರು, ಎದುರಾಳಿಗಳು ಮತ್ತೆ ಕಾದರು. ಮರುದಿನ ಅದೇ ಓತಕಾಮ್‌ನಲ್ಲಿ ಪೊಗಾಚಾರ್ 2 ನಿಮಿಷ 10 ಸೆಕೆಂಡ್ ಮುಂದೆ ಬಂದು ವಿಂಗೆಗೋರ್‌ರ ಆಸೆ ಮುಗಿಸಿದಾಗ, ಹಿಂದಿನ ದಿನದ ಸಭ್ಯತೆ ಕೆಲವರಿಗೆ ಪೆದ್ದುತನವಾಗಿ ಕಂಡಿತು.

ಇಷ್ಟಕ್ಕೂ ಎಲ್ಲರಿಗೂ ಕಾಯುವುದಿಲ್ಲ. 2024ರ ಹನ್ನೆರಡನೇ ಹಂತದಲ್ಲಿ, ಗುರಿಗೆ ಸುಮಾರು 12 ಕಿ.ಮೀ. ಇರುವಾಗ ಪ್ರಿಮೋಜ್ ರೋಗ್ಲಿಚ್ ಬಿದ್ದರು. ಕೊನೆಯ ಕಿಲೋಮೀಟರ್‌ಗಳಲ್ಲಿ ಬಿದ್ದವರಿಗೆ ಗುಂಪಿನ ಸಮಯವನ್ನೇ ಕೊಡುವ ನಿಯಮ ಅಷ್ಟು ದೂರಕ್ಕೆ ಅನ್ವಯಿಸದು. ಸ್ಪ್ರಿಂಟ್‌ನ ಆತುರದಲ್ಲಿದ್ದ ಗುಂಪು ನಿಲ್ಲಲೂ ಇಲ್ಲ. 2 ನಿಮಿಷ 27 ಸೆಕೆಂಡ್ ಕಳೆದುಕೊಂಡ ಅವರು ಮರುದಿನ ಸ್ಪರ್ಧೆಗೇ ಇಳಿಯಲಿಲ್ಲ. ಬೆಟ್ಟದ ಮೇಲೆ ನಾಲ್ಕೈದು ಜನ ಕಣ್ಸನ್ನೆಯಲ್ಲೇ ಒಪ್ಪಿಕೊಳ್ಳಬಹುದಾದ ಮರ್ಯಾದೆಯನ್ನು ನೂರೈವತ್ತು ಸವಾರರ ಓಟದಲ್ಲಿ ಯಾರು ಯಾರಿಗೆ ಹೇಳುವುದು? ವಿಶ್ವನಾಥ್‌ಗೆ ನಾಯಕನ ಅಧಿಕಾರವಾದರೂ ಇತ್ತು.