ಗಣಕಜಾಲದ ನಿಯಮಾವಳಿ: ದಕ್ಷತೆ ಮತ್ತು ಉದ್ದೇಶ

ಗಣಕಜಾಲದ ನಿಯಮಾವಳಿಗಳ ಅಳಿವು ಉಳಿವನ್ನು ದಕ್ಷತೆಯೊಂದೇ ನಿರ್ಧರಿಸಿತೆಂಬ ವಾದವನ್ನು ಭಾರತದ ಅನುಭವ ಪೂರ್ಣವಾಗಿ ಸಮರ್ಥಿಸುವುದಿಲ್ಲ. ಕೇಂದ್ರ ಎಲೆಕ್ಟ್ರಾನಿಕ್ಸ್ ಇಲಾಖೆ 1986ರಲ್ಲಿ ಆರಂಭಿಸಿದ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಪಾಲ್ಗೊಂಡ ಅರ್ನೆಟ್ ಜಾಲದಲ್ಲಿ ಟಿಸಿಪಿ/ಐಪಿ ಮತ್ತು ಓಎಸ್‌ಐ ಎರಡೂ ಬಳಕೆಯಲ್ಲಿದ್ದವು. ಮೊದಲನೆಯದು ಅಮೆರಿಕದ ರಕ್ಷಣಾ ಇಲಾಖೆಯ ಹಣದಿಂದ ರೂಪುಗೊಂಡುದು. ಎರಡನೆಯದರ ಮಾದರಿಯನ್ನು ಅಂತರರಾಷ್ಟ್ರೀಯ ಮಾನಕ ಸಂಸ್ಥೆ 1984ರಲ್ಲಿ ಪ್ರಕಟಿಸಿತು. ಜಾಲವು ಯಾವೊಂದು ಕಂಪನಿಗೂ ಅಧೀನವಾಗಬಾರದೆಂಬುದು ಅದರ ಆಶಯ. ಆದರೆ 1995ರ ತರುವಾಯ ಅರ್ನೆಟ್ಟಿನ ಬಹುತೇಕ ಸಂಚಾರ ಟಿಸಿಪಿ/ಐಪಿಯದಾಯಿತು. ಓಎಸ್‌ಐ ಸಮಿತಿಗಳ ಚರ್ಚೆಯಲ್ಲಿ ತಡವಾಗುತ್ತಿರುವಾಗಲೇ ಟಿಸಿಪಿ/ಐಪಿಯ ತಂತ್ರಾಂಶ 1983ರ ಬರ್ಕ್‌ಲಿ ಯುನಿಕ್ಸ್‌ನೊಂದಿಗೆ ವಿಶ್ವವಿದ್ಯಾಲಯಗಳನ್ನು ತಲುಪಿತ್ತು. ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ಪಹಣಿಯೂ ಇಂದು ಅಂತರಜಾಲದಲ್ಲಿ ರೈತನಿಗೆ ದೊರೆಯುವುದು ಈ ನಿಯಮಾವಳಿಯ ಮೂಲಕವೇ. ಹೀಗೆ ಉದ್ದೇಶದ ಔನ್ನತ್ಯಕ್ಕಿಂತ ಕೈಗೆಟುಕುವಿಕೆಯೇ ನಿರ್ಣಾಯಕವಾಯಿತು.